'ಇನ್‌ಇಕ್ವಿಟಿ'ಗೆ ಯಾವ ಪದ? (ತುರ್ತು)

> ಆರೋಗ್ಯದ ಕೈಪಿಡಿಯೊಂದನ್ನು ಅನುವಾದಿಸುತ್ತಿದ್ದೇನೆ. ಒಂದೇ ವಾಕ್ಯದಲ್ಲಿ 'ಇನ್‌ಇಕ್ವಾಲಿಟಿ', 'ಇನ್‌ಇಕ್ವಿಟಿ' ಎರಡೂ ಬಂದಿವೆ. ಎರಡಕ್ಕೂ 'ಅಸಮಾನತೆ' ಎಂದರೆ ವಾಕ್ಯವೇ ಕೆಡುತ್ತದೆ. ನಾಳೆ ಅಚ್ಚಿಗೆ ಹೋಗಬೇಕು.

ಮೊದಲನೆಯದು 'ಅಸಮಾನತೆ'ಯೇ ಇರಲಿ. ಎರಡನೆಯದಕ್ಕೆ 'ತಾರತಮ್ಯ' ಹಾಕಿ.

ಮುದುಕರಿಗೆ ಹರೆಯದವರಿಗಿಂತ ಹೆಚ್ಚು ಕಾಯಿಲೆ ಬಂದರೆ ಅದು ಅಸಮಾನತೆ, ಅಷ್ಟೆ. ತಪ್ಪಿಸಬಹುದಾಗಿದ್ದೂ ತಪ್ಪಿಸದೆ ಬಿಟ್ಟ, ಅದರಿಂದಲೇ ಅನ್ಯಾಯವಾದ ಅಂತರ ಬೇರೆ; 'ಇನ್‌ಇಕ್ವಿಟಿ' ಎಂದರೆ ಅದು. 1990ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಆರೋಗ್ಯ ಸಂಶೋಧಕಿ ಮಾರ್ಗರೆಟ್ ವೈಟ್‌ಹೆಡ್ ಎಳೆದ ಗೆರೆ ಇದೇ.

'ತಾರತಮ್ಯ' ಹುಟ್ಟಿದ್ದು 'ತರ', 'ತಮ' ಪ್ರತ್ಯಯಗಳಿಂದ. ಮೂಲಾರ್ಥ ಮೆಟ್ಟಿಲು ಮೆಟ್ಟಿಲಾಗಿ ಸಾಗುವ ಹೆಚ್ಚುಕಡಿಮೆ. ದೇವತೆಗಳನ್ನೂ ಜೀವರನ್ನೂ ಶ್ರೇಣಿಯಾಗಿ ಜೋಡಿಸುವ ಮಾಧ್ವರ ತಾರತಮ್ಯದಲ್ಲಿ ಇಂದಿಗೂ ಆ ಅರ್ಥವೇ. ಅನ್ಯಾಯದ ದನಿ ಆಮೇಲೆ ಸೇರಿದ್ದು. ನಮಗೆ ಎರಡೂ ಬೇಕು. 1967ರಲ್ಲಿ ಶುರುವಾದ ವೈಟ್‌ಹಾಲ್ ಅಧ್ಯಯನ ನೋಡಿ: ಬ್ರಿಟನ್ನಿನ ಸರ್ಕಾರಿ ನೌಕರರಲ್ಲಿ ಹುದ್ದೆ ಒಂದೊಂದು ಮೆಟ್ಟಿಲು ಇಳಿದಂತೆ ಹೃದ್ರೋಗದ ಸಾವು ಏರುತ್ತ ಹೋಯಿತು. ತಳದವರಲ್ಲಿ ಅದು ಮೇಲಿನವರ ಮೂರು ಪಟ್ಟಿಗೂ ಹೆಚ್ಚು. ಧೂಮಪಾನ, ರಕ್ತದೊತ್ತಡಗಳನ್ನು ಲೆಕ್ಕಕ್ಕೆ ಹಿಡಿದರೂ ಅಂತರ ಅಳಿಯಲಿಲ್ಲ. ಇದಕ್ಕೆ 'ತಾರತಮ್ಯ'ಕ್ಕಿಂತ ಒಪ್ಪುವ ಪದ ನನಗಂತೂ ಕಾಣದು.

> ಮತ್ತೆ ಸಂಸ್ಕೃತವೇ? 'ಏರುಪೇರು' ಅಚ್ಚಗನ್ನಡ.

ಆಗದು. 'ಆರೋಗ್ಯದಲ್ಲಿ ಏರುಪೇರು' ಎಂದರೆ ಕಾಯಿಲೆ ಬಿದ್ದರು ಎಂದೇ ಅರ್ಥ. 'ಮೇಲುಕೀಳು' ಒಳ್ಳೆಯ ಪದ, ಆದರೆ ಅದು ಮನುಷ್ಯರನ್ನು ವಿಂಗಡಿಸುತ್ತದೆ, ಅವರ ಆಯುಸ್ಸನ್ನಲ್ಲ. 'ಆರೋಗ್ಯ'ವನ್ನು ಒಳಗೆ ಬಿಟ್ಟುಕೊಂಡು 'ತಾರತಮ್ಯ'ಕ್ಕೆ ಮಾತ್ರ ಬಾಗಿಲು ಹಾಕುವುದು ಯಾವ ಲೆಕ್ಕ? ಎರವಲಿನ ಜಗಳವನ್ನು ಬೇರೆ ಎಳೆಯಲ್ಲಿ ಆಡೋಣ. ಇವರಿಗೆ ನಾಳೆ ಅಚ್ಚಿದೆ.

> ತಾರತಮ್ಯವನ್ನು ಯಾರಾದರೂ 'ಮಾಡಬೇಕು'. ಇಲ್ಲಿ ಮಾಡಿದವರು ಯಾರು?

ಇದು ತೂಕದ ಆಕ್ಷೇಪ. ಬ್ರಿಟನ್ನಿನಲ್ಲಿ ವರ್ಗದಿಂದ ವರ್ಗಕ್ಕೆ ಆರೋಗ್ಯ ಏಕೆ ಬೇರೆ ಎಂದು ಕೇಳಿದ 1980ರ ಬ್ಲ್ಯಾಕ್ ವರದಿ ತೂಗಿ ನೋಡಿದ್ದೂ ಇದನ್ನೇ: ಅಂಕಿಅಂಶದ ದೋಷವೇ, ಕಾಯಿಲೆಯವರೇ ಕೆಳಕ್ಕೆ ಜಾರುತ್ತಾರೆಯೇ, ಅವರವರ ಅಭ್ಯಾಸವೇ, ಬದುಕಿನ ಸ್ಥಿತಿಯೇ? ಹೆಚ್ಚು ಒತ್ತು ಕೊಟ್ಟದ್ದು ಕೊನೆಯದಕ್ಕೆ. ತೇವ ಹಿಡಿದ ಮನೆ, ದೂಳು ತುಂಬಿದ ಗಣಿ, ಹೊಟ್ಟೆಗೆ ಸಾಲದ ಕೂಲಿ ತಾವಾಗಿ ಆದವಲ್ಲ. ಕರ್ಮಣಿ ಪ್ರಯೋಗದಲ್ಲಿ ಕರ್ತೃ ಕಾಣದಿದ್ದರೆ ಕ್ರಿಯೆಯೇ ನಡೆದಿಲ್ಲ ಎನ್ನುತ್ತೇವೆಯೇ?

ಇನ್ನೊಂದು. ಮನೆ, ಕೆಲಸ, ಕೂಲಿಯಂತೆ ಆರೋಗ್ಯವನ್ನು ರೂಪಿಸುವ ಬದುಕಿನ ಸ್ಥಿತಿಗಳನ್ನು ಹೇಳುವ 'ಸೋಷಿಯಲ್ ಡಿಟರ್ಮಿನೆಂಟ್ಸ್'ಗೆ 'ಸಾಮಾಜಿಕ ನಿರ್ಧಾರಕಗಳು' ಬೇಡ, ಅದು ಹಣೆಬರಹದಂತೆ ಕೇಳಿಸುತ್ತದೆ. 'ಸಾಮಾಜಿಕ ಕಾರಣಗಳು' ಸಾಕು, ಕಾರಣವನ್ನಾದರೆ ತೆಗೆದುಹಾಕಬಹುದು. ಮೊದಲ ಸಲ ಬಂದಲ್ಲಿ 'ತಪ್ಪಿಸಬಹುದಾದ ಆರೋಗ್ಯ ತಾರತಮ್ಯ' ಎಂದು ಬಿಡಿಸಿ ಬರೆಯಿರಿ, ಮುಂದಕ್ಕೆ 'ಆರೋಗ್ಯ ತಾರತಮ್ಯ' ನಡೆಯುತ್ತದೆ. ಕರಡು ಕಳಿಸಿದರೆ ರಾತ್ರಿಯೇ ನೋಡಿಕೊಡುತ್ತೇನೆ.