ಪ್ರಶ್ನೋತ್ತರ: ದುಡ್ಡಿಲ್ಲದ ದೊಡ್ಡ ಗೇಮಿಗೆ ಜೊತೆಗಾರರನ್ನು ಹುಡುಕೋದು ಹೇಗೆ?

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ಗೊಡಾಟ್ 4 ಅನ್ನೋ ಗೇಮ್ ತಯಾರಿಸೋ ಸಾಫ್ಟ್‌ವೇರಿನಲ್ಲಿ ಟೂಡಿ ಪಿಕ್ಸೆಲ್ ಆರ್‌ಪಿಜಿ (ಪಾತ್ರವಾಗಿ ಆಡೋ ಕಥೆಯ ಗೇಮ್) ಮಾಡ್ತಿದ್ದೀನಿ. ಕೋಡ್ ನನ್ನದು. ಓಡಾಟ, ಕಾದಾಟ, ಸೇವ್ ಆಗಿವೆ. ಚಿತ್ರಗಳ ಜಾಗದಲ್ಲಿ ಇನ್ನೂ ಬಣ್ಣದ ಚೌಕಗಳೇ. ಪ್ಲಾನ್ ಪ್ರಕಾರ 12 ಪಾತ್ರ, 5 ಊರು, 30 ಗಂಟೆ ಆಟ. ಆರ್ಟಿಸ್ಟ್, ಮ್ಯೂಸಿಕ್, ಕಥೆ ಬರೆಯೋರು, ಇನ್ನೊಬ್ಬ ಪ್ರೋಗ್ರಾಮರ್ ಬೇಕು. ಸಂಬಳ ಇಲ್ಲ, ಲಾಭದಲ್ಲಿ ಪಾಲು. ‘ದೊಡ್ಡ ಪ್ರಾಜೆಕ್ಟ್, ಉತ್ಸಾಹಿಗಳು ಬೇಕು’ ಅಂತ ಹಾಕಿದ್ದಕ್ಕೆ ಆರು ಜನ ನನ್ನ ಡಿಸ್ಕಾರ್ಡ್ ಚಾಟ್ ಗುಂಪಿಗೆ ಬಂದರು. ಎರಡು ವಾರಕ್ಕೆ ಎಲ್ಲರೂ ಸುಮ್ಮನಾದರು. ಎಲ್ಲಿ ಎಡವಿದೆ?

ಉತ್ತರ, ಗೇಮ್ ಪ್ರೊಡ್ಯೂಸರ್: ಜನರನ್ನು ಕರೆಯೋ ಮುಂಚೆ ಕೆಲಸ ಎಷ್ಟಿದೆ ಅಂತ ಎಣಿಸಿ. ಪಾತ್ರಕ್ಕೆ 8 ಅನಿಮೇಷನ್, 4 ದಿಕ್ಕು, 6 ಫ್ರೇಮ್ (ಚಲನೆಯ ಒಂದೊಂದು ಚಿತ್ರ) ಅಂದುಕೊಂಡರೆ 12 ಪಾತ್ರಕ್ಕೆ 2,304 ಫ್ರೇಮ್. ಫ್ರೇಮಿಗೆ 20 ನಿಮಿಷ ಹಿಡಿದರೂ 768 ಗಂಟೆ. ಬಿಡುವಿನಲ್ಲಿ ಮಾಡೋರು ವಾರಕ್ಕೆ 8 ಗಂಟೆ ಕೊಟ್ಟರೆ 96 ವಾರ. ಊರು, ಶತ್ರು, ಮೆನು ಯಾವುದೂ ಇದರಲ್ಲಿ ಸೇರಿಲ್ಲ. ಬಂದ ಆರ್ಟಿಸ್ಟ್ ಈ ಲೆಕ್ಕವನ್ನು ಮನಸ್ಸಲ್ಲೇ ಹಾಕಿ ಸದ್ದಿಲ್ಲದೆ ಜಾಗ ಖಾಲಿ ಮಾಡ್ತಾರೆ.

ಈಗ ಕತ್ತರಿ ಹಾಕಿ. ಎಡದಿಕ್ಕಿನ ಚಿತ್ರವನ್ನೇ ತಿರುಗಿಸಿ ಬಲಕ್ಕೆ ಬಳಸಿದರೆ 3 ದಿಕ್ಕು ಸಾಕು (ಬಲಗೈ ಕತ್ತಿ ಎಡಗೈಗೆ ಬರುತ್ತೆ, ಅದನ್ನು ಒಪ್ಪಿಕೊಳ್ಳಬೇಕು). ಮುಖ್ಯ ಮೂವರಿಗೆ ಮಾತ್ರ 8 ಅನಿಮೇಷನ್, ಉಳಿದ ಒಂಬತ್ತು ಜನಕ್ಕೆ ನಿಲ್ಲೋದು, ನಡೆಯೋದು ಎರಡೇ. 432ಕ್ಕೆ 324 ಸೇರಿ 756 ಫ್ರೇಮ್, ಅಂದರೆ 252 ಗಂಟೆ. ಇದನ್ನು ಒಬ್ಬರ ಮುಂದೆ ಬಾಯಿಬಿಟ್ಟು ಕೇಳಬಹುದು. ಆದರೂ ಮೊದಲು ಕೇಳಬೇಕಾದ್ದು ಇದಲ್ಲ, ಹತ್ತು ನಿಮಿಷದ ಒಂದು ತುಣುಕಿಗೆ ಬೇಕಾದಷ್ಟು: ಒಂದು ಊರು, ಒಬ್ಬ ನಾಯಕ, ಎರಡು ಶತ್ರು, ಒಂದು ಕಾದಾಟ.

ನಾಲ್ಕು ಜನರನ್ನು ಒಟ್ಟಿಗೆ ಕರೆಯಬೇಡಿ. ಮೊದಲು ಆರ್ಟಿಸ್ಟ್, ಯಾಕಂದರೆ ಚೌಕಗಳ ವಿಡಿಯೋ ನೋಡಿ ಬೇರೆ ಯಾರೂ ಬರಲ್ಲ. ಅನಿಮೇಷನ್ ಟೈಮಿಂಗ್ ಕೂತ ಮೇಲೆ ಸೌಂಡ್. ಎರಡನೇ ಪ್ರೋಗ್ರಾಮರ್ ಕೊನೆಗೆ. ನಿಮ್ಮ ಕೋಡ್ ಅವರಿಗೆ ಅರ್ಥ ಮಾಡಿಸೋಕೇ ನಿಮ್ಮ ಅರ್ಧ ಸಮಯ ಹೋಗುತ್ತೆ. ಪೋಸ್ಟ್ ಹೀಗಿರಲಿ:

‘ಗೊಡಾಟ್ ಟೂಡಿ ಆರ್‌ಪಿಜಿ. ಓಡಾಟ, ಕಾದಾಟ, ಸೇವ್ ಕೆಲಸ ಮಾಡ್ತಿವೆ; 30 ಸೆಕೆಂಡ್ ವಿಡಿಯೋ ಮತ್ತು ಬಿಲ್ಡ್ (ಆಡಿ ನೋಡೋ ಆವೃತ್ತಿ) ಕೆಳಗಿದೆ. ಒಬ್ಬ ಪಿಕ್ಸೆಲ್ ಆರ್ಟಿಸ್ಟ್ ಬೇಕು: 32×32 ಗಾತ್ರದ 3 ಪಾತ್ರ, ಒಂದು ಟೈಲ್‌ಸೆಟ್ (ನೆಲ, ಗೋಡೆ ಜೋಡಿಸೋ ಚಿತ್ರತುಂಡುಗಳು). ಅಂದಾಜು 60 ಗಂಟೆ, 10 ವಾರ. ಈಗ ದುಡ್ಡಿಲ್ಲ, ಆದಾಯದಲ್ಲಿ ಲಿಖಿತ ಪಾಲು. ತುಣುಕು ಮುಗಿದ ಮೇಲೆ ಇಬ್ಬರೂ ಮುಂದುವರಿಯೋದಾ ಬೇಡವಾ ಅಂತ ಕೂತು ಮಾತಾಡೋಣ.’

ಕೊನೆ ಸಾಲು ಬಿಡಬೇಡಿ. ಬಿಟ್ಟು ಹೋಗೋಕೆ ಮರ್ಯಾದೆಯ ದಾರಿ ಇದ್ದರೆ ಸೇರೋಕೆ ಹೆದರಿಕೆ ಕಡಿಮೆ.

ಮರುಪ್ರಶ್ನೆ: ಬಂದವರಲ್ಲಿ ಸರಿಯಾದವರು ಯಾರು ಅಂತ ತಿಳಿಯೋದು ಹೇಗೆ? ಪೋರ್ಟ್‌ಫೋಲಿಯೋ ಎಲ್ಲರದ್ದೂ ಚೆನ್ನಾಗಿದೆ.

ಉತ್ತರ, ಪಿಕ್ಸೆಲ್ ಆರ್ಟಿಸ್ಟ್: ಸಣ್ಣ ಪರೀಕ್ಷೆ ಕೊಡಿ. ಒಂದು ಪಾತ್ರ, ಒಂದು ದಿಕ್ಕು, 4 ಫ್ರೇಮ್ ನಡಿಗೆ, ನೀವು ಕೊಟ್ಟ 16 ಬಣ್ಣ ಮಾತ್ರ. ಎರಡು ಮೂರು ಗಂಟೆ ಕೆಲಸ, ಒಂದು ವಾರ ಗಡುವು. ಸಾಧ್ಯವಾದರೆ ಇದಕ್ಕಾದರೂ ದುಡ್ಡು ಕೊಡಿ. ಕೊಡದಿದ್ದರೆ ಚಿತ್ರ ಅವರದ್ದೇ, ಗೇಮಿಗೆ ಹಾಕುವ ಹಾಗಿಲ್ಲ. ನೋಡಬೇಕಾದ್ದು ಅಂದ ಅಲ್ಲ, ಅದು ಪೋರ್ಟ್‌ಫೋಲಿಯೋದಲ್ಲೇ ಕಂಡಿರುತ್ತೆ. ಬಣ್ಣ ಮೀರಿದರಾ? ಪ್ರತಿ ಫ್ರೇಮಿನಲ್ಲೂ ಪಾದ ಒಂದೇ ಗೆರೆ ಮೇಲೆ ಇದೆಯಾ, ಇಲ್ಲಾ ಪಾತ್ರ ಕುಪ್ಪಳಿಸುತ್ತಾ? ಲೇಯರ್ ಇರೋ ಮೂಲ ಫೈಲ್ ಕೊಟ್ಟರಾ? ತಡವಾಗುತ್ತೆ ಅಂತ ಗಡುವಿನ ಮೊದಲೇ ಹೇಳಿದರಾ? ನನ್ನ ಲೆಕ್ಕದಲ್ಲಿ ಕೊನೆಯದ್ದೇ ಎಲ್ಲಕ್ಕಿಂತ ಮುಖ್ಯ.

ಹುಡುಕೋಕೆ ಗೇಮ್ ಜಾಮ್‌ಗಿಂತ (ಕೆಲವೇ ದಿನದಲ್ಲಿ ಗೇಮ್ ಮಾಡಿ ಮುಗಿಸೋ ಕೂಟ) ಒಳ್ಳೆ ಜಾಗ ಇಲ್ಲ. ಗ್ಲೋಬಲ್ ಗೇಮ್ ಜಾಮ್, ಲುಡಮ್ ಡೇರ್ ಥರದವುಗಳಲ್ಲಿ ಎರಡು ಮೂರು ದಿನದೊಳಗೆ ಮುಗಿಸಿ ಸಲ್ಲಿಸಿದವರ ಕ್ರೆಡಿಟ್ಸ್ ಓದಿ. ಶುರು ಮಾಡೋರು ಬೇಕಾದಷ್ಟು ಜನ ಇದ್ದಾರೆ, ಮುಗಿಸಿದವರ ಪಟ್ಟಿ ಅಲ್ಲಿ ರೆಡಿ ಇರುತ್ತೆ.

ಮರುಪ್ರಶ್ನೆ: ಪಾಲು ಎಷ್ಟೆಷ್ಟು? ನಾಲ್ಕು ಜನಕ್ಕೆ ಸಮ ಹಂಚಿದರೆ ಆಗಲ್ವಾ?

ಉತ್ತರ, ಗೇಮ್ ಪ್ರೊಡ್ಯೂಸರ್: ಮೊದಲ ದಿನವೇ ಸಮ ಹಂಚಿದರೆ ಮೂರನೇ ವಾರಕ್ಕೆ ಕೈಬಿಟ್ಟವರಿಗೂ ಕಾಲು ಪಾಲು ಹೋಗುತ್ತೆ. ಮುಗಿದು ಒಪ್ಪಿಗೆಯಾದ ಕೆಲಸಕ್ಕೆ ಪಾಯಿಂಟ್ ಕೊಡಿ. ಪೂರ್ತಿ ಪಾತ್ರಕ್ಕೆ 20, ಒಂದು ಟೈಲ್‌ಸೆಟ್‌ಗೆ 30, ಒಂದು ಟ್ರ್ಯಾಕಿಗೆ 10, ಹೀಗೆ. ನಿಮ್ಮ ಕೋಡಿಗೂ ಅದೇ ಅಳತೆ. ಬಿಟ್ಟು ಹೋದವರಿಗೆ ಗಳಿಸಿದ ಪಾಯಿಂಟ್ ಉಳಿಯುತ್ತೆ, ಹೊಸದು ಸೇರಲ್ಲ.

‘ಲಾಭ’ ಅಂತ ಬರೆಯಬೇಡಿ, ಜಗಳ ಅಲ್ಲಿಂದಲೇ ಹುಟ್ಟೋದು. ಯಾವ ಖರ್ಚು ಮೊದಲು ಕಳೆಯುತ್ತೀರಿ ಅಂತ ಒಂದೊಂದಾಗಿ ಬರೆಯಿರಿ. ಗೇಮ್ ಮಾರೋ ತಾಣ ಸ್ಟೀಮ್‌ಗೆ ಪ್ರತಿ ಗೇಮಿಗೆ 100 ಡಾಲರ್ ಪ್ರವೇಶ ಶುಲ್ಕ, ಮಾರಾಟದಲ್ಲಿ ಸಾಮಾನ್ಯವಾಗಿ 30% ಅವರದ್ದು. 10 ಡಾಲರಿನ ಗೇಮ್ ಪೂರ್ತಿ ಬೆಲೆಗೇ ಸಾವಿರ ಪ್ರತಿ ಹೋದರೂ ಕೈಗೆ 7,000. ರೀಫಂಡ್, ತೆರಿಗೆ, ರಿಯಾಯಿತಿ ಕಳೆದರೆ ಇನ್ನೂ ಕಡಿಮೆ. ಈ ಅಂಕಿ ಮುಂದಿಟ್ಟೇ ಮಾತಾಡಿ. ಕೇಳಿದ ಮೇಲೂ ಉಳಿದವರು ನಿಮ್ಮವರು.

ಹಕ್ಕಿನ ವಿಷಯ. ಬಹಳ ದೇಶಗಳಲ್ಲಿ ಬರಹದ ಒಪ್ಪಂದ ಇಲ್ಲದಿದ್ದರೆ ಚಿತ್ರದ ಹಕ್ಕು ಬಿಡಿಸಿದವರದ್ದೇ. ಬಿಡುಗಡೆಯ ಹಿಂದಿನ ವಾರ ಒಬ್ಬರು ‘ನನ್ನದು ತೆಗೆಯಿರಿ’ ಅಂದರೆ ಗೇಮ್ ಅಲ್ಲೇ ನಿಲ್ಲುತ್ತೆ. ಎರಡು ಪುಟ ಸಾಕು: ಏನು ಕೊಡ್ತಾರೆ, ಟ್ರೇಲರ್, ಮುಂದಿನ ಭಾಗಕ್ಕೆ ಬಳಸಬಹುದಾ, ಕ್ರೆಡಿಟ್‌ನಲ್ಲಿ ಹೆಸರು ಹೇಗೆ, ಲೆಕ್ಕ ಯಾವಾಗ, ಪ್ರಾಜೆಕ್ಟ್ ನಿಂತರೆ ಚಿತ್ರ ಯಾರಿಗೆ ವಾಪಸ್. ಸಹಿಗೆ ಮೊದಲು ವಕೀಲರಿಗೆ ಒಮ್ಮೆ ತೋರಿಸಿ.

ಉತ್ತರ, ಪ್ರೋಗ್ರಾಮರ್: ಮೇಲಿನದಕ್ಕೆ ಒಂದು ಸೇರಿಸ್ತೀನಿ. ಜನ ಬರೋ ಮೊದಲೇ ರೆಪೋ (ಎಲ್ಲರೂ ಹಂಚಿಕೊಳ್ಳೋ ಗೇಮ್ ಫೈಲ್‌ಗಳ ಸಂಗ್ರಹ) ಸರಿ ಮಾಡಿ. ರೆಪೋ ಇಡೋ ತಾಣ ಗಿಟ್‌ಹಬ್ 100 ಎಂಬಿ ಮೀರಿದ ಫೈಲನ್ನು ತಗೊಳ್ಳಲ್ಲ, ಹಾಗಾಗಿ ಪಿಎಸ್‌ಡಿ, ಆಸ್‌ಪ್ರೈಟ್ ಚಿತ್ರಗಳು, ವೇವ್ ಧ್ವನಿ ಫೈಲ್‌ಗಳನ್ನು ಮೊದಲ ಕಮಿಟ್‌ಗೆ (ಬದಲಾವಣೆ ದಾಖಲಿಸೋದು) ಮುಂಚೆಯೇ ದೊಡ್ಡ ಫೈಲ್‌ಗಳನ್ನು ಬೇರೆಯಾಗಿ ಇಡೋ ಎಲ್‌ಎಫ್‌ಎಸ್‌ಗೆ ಹಾಕಿ. ಆಮೇಲೆ ಹಾಕಿದರೆ ಹಳೆ ಇತಿಹಾಸದಲ್ಲಿ ಆ ಭಾರ ಹಾಗೇ ಉಳಿಯುತ್ತೆ. ಸೀನ್ (ಗೊಡಾಟ್‌ನಲ್ಲಿ ಗೇಮಿನ ಒಂದೊಂದು ಭಾಗ) ಫೈಲ್‌ಗಳು ಬರೀ ಟೆಕ್ಸ್ಟ್ ಆದರೂ ಇಬ್ಬರು ಒಟ್ಟಿಗೆ ಮುಟ್ಟಿದರೆ ಮರ್ಜ್ (ಇಬ್ಬರ ಬದಲಾವಣೆ ಒಂದಾಗಿಸೋದು) ಕೆಡುತ್ತೆ; ಊರನ್ನು ಸಣ್ಣ ಸೀನ್‌ಗಳಾಗಿ ಒಡೆದು ಒಂದಕ್ಕೆ ಒಬ್ಬರು ಅಂತ ಮಾಡಿ. ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಡೀಫಾಲ್ಟ್ ಟೆಕ್ಸ್ಚರ್ ಫಿಲ್ಟರ್ ನಿಯರೆಸ್ಟ್ ಇರಲಿ. ಇಲ್ಲದಿದ್ದರೆ ಚಿತ್ರ ಮಸುಕಾಗಿ, ಆರ್ಟಿಸ್ಟ್ ತನ್ನದೇ ತಪ್ಪು ಅಂದುಕೊಂಡು ಎರಡು ದಿನ ತಿದ್ದುತ್ತಾ ಕೂರ್ತಾರೆ. ಲೂಪ್ ಆಗೋ ಸಂಗೀತವನ್ನು ಓಜಿಜಿ ಫೈಲ್ ಆಗಿ ಕೊಡೋಕೆ ಹೇಳಿ. ಎಂಪಿ3 ತುದಿಯಲ್ಲಿ ಸೇರೋ ಮೌನದಿಂದ ಪ್ರತಿ ಸುತ್ತಿಗೂ ಸಂಗೀತ ಒಂದು ಕ್ಷಣ ಕಡಿದ ಹಾಗೆ ಕೇಳಿಸುತ್ತೆ.

ಮರುಪ್ರಶ್ನೆ: ಸುಮ್ಮನಾದ ಆ ಆರು ಜನರನ್ನು ಏನು ಮಾಡಲಿ? ಐಡಿಯಾ ಕದೀತಾರೆ ಅಂತ ಎನ್‌ಡಿಎ (ಗುಟ್ಟು ಹೊರಗೆ ಬಿಡಲ್ಲ ಅನ್ನೋ ಒಪ್ಪಂದ) ಮಾಡಿಸಬೇಕಾ?

ಉತ್ತರ, ಗೇಮ್ ಪ್ರೊಡ್ಯೂಸರ್: ಎನ್‌ಡಿಎ ಬೇಡ. 96 ವಾರದ ಕೆಲಸವನ್ನು ಯಾರೂ ಕದ್ದು ತಾವೇ ಮಾಡಲ್ಲ. ಆರು ಜನಕ್ಕೂ ಬೇರೆ ಬೇರೆಯಾಗಿ ಮೆಸೇಜ್ ಮಾಡಿ, ತಲಾ ಒಂದೇ ಕೆಲಸ ಹೇಳಿ. ‘ಯಾರಾದರೂ ಇದ್ದೀರಾ’ ಅಂತ ಚಾನೆಲ್‌ನಲ್ಲಿ ಕೂಗಿದರೆ ಉತ್ತರ ಬರಲ್ಲ. ಏಳು ದಿನ ಕಾದು, ಉತ್ತರಿಸದವರಿಗೆ ಥ್ಯಾಂಕ್ಸ್ ಹೇಳಿ ರೆಪೋದಿಂದ ತೆಗೆಯಿರಿ. ಅವರು ಕೊಟ್ಟಿದ್ದ ಫೈಲ್‌ಗಳನ್ನು ಬರಹದ ಒಪ್ಪಿಗೆ ಇಲ್ಲದೆ ಬಳಸಬೇಡಿ. ಉಳಿದವರಿಗೆ ಎರಡು ಮಾತು ಕೊಡಿ, ತಪ್ಪಬೇಡಿ: ಕಳಿಸಿದ ಕೆಲಸಕ್ಕೆ 48 ಗಂಟೆಯೊಳಗೆ ಉತ್ತರ, ಪ್ರತಿ ಶುಕ್ರವಾರ ಅವರ ಕೆಲಸ ಸೇರಿದ ಹೊಸ ಬಿಲ್ಡ್. ನೀವೇ ಎರಡು ಶುಕ್ರವಾರ ತಪ್ಪಿಸಿದರೆ ಮೂರನೇದಕ್ಕೆ ಅವರೂ ಇರಲ್ಲ.