ಮನೇಲಿ ವಾಚ್ ರಿಪೇರಿಗೆ ಮೇಜು ಹಾಕ್ಕೊಳ್ಳೋದು: ಮೊದಲು ಏನು ತಗೋಬೇಕು?

ಕೇಳಿದ್ದು, ಹಾಸನದಿಂದ:

ತಾತನ ಎಚ್‌ಎಂಟಿ ಜನತಾ ವಾಚು ಬೀರುವಿನಲ್ಲಿ ಸಿಕ್ಕಿತು. ಕೀ ಕೊಟ್ಟರೆ ಎರಡು ನಿಮಿಷ ಓಡಿ ನಿಂತುಬಿಡುತ್ತದೆ. ಅಂಗಡಿಗೆ ಕೊಡೋ ಬದಲು ನಾನೇ ಕಲಿತು ಮಾಡೋಣ ಅಂತ ಆಸೆ. ಮಲಗೋ ಕೋಣೆಯ ಕಿಟಕಿ ಪಕ್ಕ ಮೂರಡಿ ಜಾಗ ಇದೆ, ಐದಾರು ಸಾವಿರ ಖರ್ಚು ಮಾಡಬಲ್ಲೆ. ಆನ್‌ಲೈನ್‌ನಲ್ಲಿ ನೂರಕ್ಕೂ ಹೆಚ್ಚು ಸಾಮಾನಿನ ಕಿಟ್ ಸಿಗ್ತಿದೆ, ಅದನ್ನೇ ತಗೊಳ್ಳಲಾ? ಅನುಭವ ಇರೋರು ಹೇಳಿ.

ಮೈಸೂರಿನಿಂದ:

ಕಿಟ್ ಬೇಡ ಸರ್. ನಾನು ತಗೊಂಡಿದ್ದೆ. ಅದರಲ್ಲಿ ಮುಕ್ಕಾಲು ಪಾಲು ಸಾಮಾನು ಚೈನಿನ ಪಿನ್ ತೆಗೆಯೋಕೆ, ಬ್ಯಾಟರಿ ಬದಲಾಯಿಸೋಕೆ. ನಿಮ್ಮದು ಕೀ ಕೊಡೋ ವಾಚು. ಅದರ ಮೆಷಿನ್ ಬಿಚ್ಚೋಕೆ ಬೇಕಾದ ಸ್ಕ್ರೂಡ್ರೈವರ್ ಮತ್ತು ಚಿಮುಟ, ಇವೆರಡೇ ಆ ಕಿಟ್‌ನಲ್ಲಿ ತೀರಾ ಕಳಪೆ ಇರೋದು. ನನ್ನದು ಮೊದಲ ಸ್ಕ್ರೂಗೇ ಬಾಯಿ ಮಡಚಿಕೊಂಡಿತು.

ದುಡ್ಡಿಗಿಂತ ಮೊದಲು ಎತ್ತರ ನೋಡಿಕೊಳ್ಳಿ. ಇದನ್ನು ಯಾರೂ ಹೇಳಲ್ಲ, ನಾನು ಕುತ್ತಿಗೆ ನೋವು ತಿಂದು ಕಲಿತೆ. ಊಟದ ಮೇಜು ಸುಮಾರು 75 ಸೆಂಟಿಮೀಟರ್ ಎತ್ತರ ಇರುತ್ತೆ. ಅದರ ಮೇಲೆ ವಾಚ್ ಇಟ್ಟು ಕಣ್ಣಿಗೆ ಐ ಗ್ಲಾಸ್ (ಸಣ್ಣ ಭೂತಗನ್ನಡಿ) ಹಾಕಿದರೆ ಬೆನ್ನು ಬಿಲ್ಲಿನ ಹಾಗೆ ಬಾಗುತ್ತೆ, ಅರ್ಧ ಗಂಟೆಗೆ ಕೈ ನಡುಗೋಕೆ ಶುರು. ಪೇಟೆಯಲ್ಲಿ ಗಾಜಿನ ಡಬ್ಬಿಯಂಥ ಅಂಗಡಿಯಲ್ಲಿ ಕೂತ ಹಳೇ ರಿಪೇರಿಯವರನ್ನು ಒಂದು ಸಲ ಗಮನಿಸಿ. ಕೆಲಸ ಎದೆಮಟ್ಟದಲ್ಲಿರುತ್ತೆ, ಎರಡೂ ಮೊಣಕೈ ಮೇಜಿನ ಮೇಲೆ ಊರಿರುತ್ತೆ, ಅವರು ಬಗ್ಗಲ್ಲ. ನಾನು ಹಳೇ ಓದೋ ಮೇಜಿನ ಕಾಲಿಗೆ ಬಡಗಿ ಹತ್ರ ಮರದ ತುಂಡು ಕೂರಿಸಿ 95 ಸೆಂಟಿಮೀಟರಿಗೆ ಏರಿಸಿದೆ. ಕುರ್ಚಿ ಅದೇ. ನಡುಕ ಅರ್ಧಕ್ಕರ್ಧ ಹೋಯಿತು.

ಆಮೇಲೆ ತಗೊಳ್ಳಬೇಕಾದ್ದು ಕಡಿಮೆ. ಸ್ಕ್ರೂಡ್ರೈವರ್ 0.8, 1.0, 1.2, 1.6 ಮಿಲಿಮೀಟರ್, ನಾಲ್ಕೇ ಸಾಕು, ಆದರೆ ಒಳ್ಳೇದು ತಗೊಳ್ಳಿ, ಜೊತೆಗೆ ಸಣ್ಣ ಆಯಿಲ್ ಸ್ಟೋನ್ ಇರಲಿ. ಬಾಯಿ ಸ್ಕ್ರೂವಿನ ಗೀರಿಗೆ ಪೂರ್ತಿ ಕೂರಬೇಕು, ಕೂರದಿದ್ದರೆ ಉಜ್ಜಿ ಕೂರಿಸಿಕೊಳ್ಳಬೇಕು. ಚಿಮುಟ ಎರಡು: 3ನೇ ನಂಬರು ದಿನದ ಕೆಲಸಕ್ಕೆ, 5ನೇ ನಂಬರು ಹೇರ್‌ಸ್ಪ್ರಿಂಗಿಗೆ, ಅಂದ್ರೆ ಬ್ಯಾಲೆನ್ಸ್ ಚಕ್ರದ ಸುರುಳಿ ಸ್ಪ್ರಿಂಗಿಗೆ. ಐದನೇದು ಒಂದು ಸಲ ನೆಲಕ್ಕೆ ಬಿದ್ದರೆ ಮುಗೀತು ಅಂತಲೇ ಲೆಕ್ಕ. ಐ ಗ್ಲಾಸ್ 4 ಅಥವಾ 5 ಪಟ್ಟಿನದು ಒಂದು, ಪಿವಟ್ (ಚಕ್ರದ ಅಚ್ಚಿನ ಸೂಜಿಯಂಥ ತುದಿ) ಮತ್ತು ಎಣ್ಣೆ ನೋಡೋಕೆ 10 ಪಟ್ಟಿನದು ಒಂದು. ಮೆಷಿನ್ ಹಿಡಿಯೋ ಹೋಲ್ಡರ್, ಗಾಳಿ ಊದೋ ರಬ್ಬರ್ ಬಲ್ಬು, ಪಾರ್ಟಿನ ಕೊಳೆ, ಎಣ್ಣೆ ಒತ್ತಿ ತೆಗೆಯೋ ರೋಡಿಕೋ ಅಂಟು. ಮುಚ್ಚಳ ಇರೋ ಡಬ್ಬಿಗೆ ಮಾತ್ರ ದುಡ್ಡು ಕೊಡಬೇಡಿ, ಮಾತ್ರೆ ಇಡೋ ಪ್ಲಾಸ್ಟಿಕ್ ಡಬ್ಬಿ ಸಾಕು. ಹಿಂಬದಿ ಮುಚ್ಚಳ ತಿರುಗಿಸೋದೋ ಒತ್ತಿ ಕೂರೋದೋ ನೋಡಿಕೊಂಡು ಆಮೇಲೆ ಓಪನರ್ ತಗೊಳ್ಳಿ. ವಾಚಿನ ವೇಗ ಅಳೆಯೋ ಟೈಮ್‌ಗ್ರಾಫರ್ ಈಗಲೇ ಬೇಡ, ಮೊಬೈಲಿನ ಆ್ಯಪ್ ಇದೆ. ನಿಮ್ಮ ಜನತಾ ಗಂಟೆಗೆ 18,000 ಸಲ ಹೊಡೆಯುತ್ತೆ, ಅಂದ್ರೆ ಸೆಕೆಂಡಿಗೆ ಐದು ಟಿಕ್. ಅಷ್ಟನ್ನು ಆ್ಯಪ್ ಕೇಳಿಸಿಕೊಳ್ಳುತ್ತೆ.

ಫ್ಯಾನ್ ಆಫ್ ಮಾಡಿ ಕೂರಿ. ಬೇಸಿಗೆಯಲ್ಲಿ ಕಷ್ಟ, ಆದರೂ.

ಈಗ ನೆಲದ ವಿಷಯ. ಜನತಾ ಡಯಲ್ ಮೇಲೆ ಪ್ಯಾರಾಶಾಕ್ ಅಂತ ಬರೆದಿರುತ್ತೆ ನೋಡಿ, ಅದು ವಾಚು ಬಿದ್ದಾಗ ಬ್ಯಾಲೆನ್ಸಿನ (ಹಿಂದೆ ಮುಂದೆ ತೂಗೋ ಚಕ್ರದ) ಪಿವಟ್ ಕಾಯೋ ಏರ್ಪಾಡು. ಅದರಲ್ಲೊಂದು ಕೂದಲಿನಷ್ಟು ತೆಳ್ಳಗಿನ ಸ್ಪ್ರಿಂಗ್. ಅದನ್ನು ಬಿಡಿಸುವಾಗ ನನ್ನ ಚಿಮುಟದಿಂದ ಟಿಕ್ ಅಂತ ಹಾರಿತು. ಸದ್ದು ಕಿಟಕಿ ಕಡೆಯಿಂದ ಬಂದ ಹಾಗಿತ್ತು, ಕಿಟಕಿ ಹತ್ರ ಒಂದು ಗಂಟೆ ಟಾರ್ಚ್ ಹಿಡಿದು ತೆವಳಿದೆ. ಸಿಕ್ಕಿದ್ದು ಮೂರನೇ ದಿನ, ನನ್ನ ಅಂಗಿಯ ತೋಳಿನ ಮಡಿಕೆಯಲ್ಲಿ, ಒಗೆಯೋಕೆ ಹಾಕುವಾಗ. ಅವತ್ತಿಂದ ಅಕ್ಕಸಾಲಿಗರ ಉಪಾಯ ಮಾಡಿದೀನಿ. ಅವರು ಚಿನ್ನದ ಪುಡಿ ಬೀಳದ ಹಾಗೆ ಮೇಜಿನಿಂದ ತೊಡೆ ಮೇಲೆ ಬಟ್ಟೆ ಕಟ್ಟಿಕೊಳ್ಳುತ್ತಾರಲ್ಲ, ಹಾಗೇ ಒಂದು ಬಿಳಿ ಪಂಚೆಯ ಅಂಚನ್ನು ಮೇಜಿಗೆ ಕ್ಲಿಪ್ ಹಾಕಿ ಇನ್ನೊಂದು ತುದಿ ಸೊಂಟಕ್ಕೆ ಸಿಕ್ಕಿಸಿಕೊಳ್ಳೋದು. ಬಿದ್ದದ್ದೆಲ್ಲ ಮಡಿಲಲ್ಲೇ. ಒಂದೇ ತೊಂದರೆ, ಕಾಲಿಂಗ್ ಬೆಲ್ ಆದಾಗ ಮರೆತು ಎದ್ದರೆ ಮಡಿಲಲ್ಲಿ ಇದ್ದದ್ದೆಲ್ಲ ನೆಲದ ಪಾಲು. ಎರಡು ಸಲ ಎದ್ದಿದೀನಿ.

ತಾತನ ವಾಚನ್ನು ಮಾತ್ರ ಈಗಲೇ ಬಿಚ್ಚಬೇಡಿ. ಕೆಟ್ಟ ಎಚ್‌ಎಂಟಿ ಮೆಷಿನ್ ಒಂದೆರಡನ್ನು ಗುಜರಿ ಬೆಲೆಗೆ ತಗೊಂಡು ಅದನ್ನೇ ಹತ್ತು ಸಲ ಬಿಚ್ಚಿ ಜೋಡಿಸಿ. ಆನ್‌ಲೈನ್‌ನಲ್ಲಿ ಬಣ್ಣಬಣ್ಣದ ಡಯಲ್ ಇರೋ ಎಚ್‌ಎಂಟಿ ಕಂಡರೆ ಮರುಳಾಗಬೇಡಿ, ಬಹಳಷ್ಟಕ್ಕೆ ಡಯಲ್ ಮತ್ತೆ ಬರೆಸಿರುತ್ತಾರೆ, ಒಳಗೆ ಮೂರು ವಾಚಿನ ಸಾಮಾನು ಸೇರಿಸಿರುತ್ತಾರೆ. ಅಭ್ಯಾಸಕ್ಕೆ ಓಕೆ, ಒರಿಜಿನಲ್ ಅಂತ ಬೆಲೆ ಕೊಡಬೇಡಿ.

ಮಂಗಳೂರಿನಿಂದ:

ಮೇಲಿನವರು ಕ್ಲೀನಿಂಗ್ ಬಗ್ಗೆ ಬರೆದಿಲ್ಲ. ಹಳಬರು ಸಣ್ಣ ಗಾಜಿನ ಬಟ್ಟಲಲ್ಲಿ ಪೆಟ್ರೋಲ್ ಹಾಕಿ ಬ್ರಷ್‌ನಿಂದ ತೊಳೆಯುತ್ತಾರೆ, ನಾನೂ ಹಾಗೇ ಶುರು ಮಾಡಿದ್ದು. ಮನೆಯಲ್ಲಿ ಬೇಡವೇ ಬೇಡ. ಅದೂ ಮಲಗೋ ಕೋಣೆ ಅಂತೀರಿ. ಲೈಟರಿಗೆ ಹಾಕೋ ನ್ಯಾಫ್ತಾವನ್ನು ಸಣ್ಣ ಮುಚ್ಚಳದ ಬಾಟಲಿಯಲ್ಲಿ ಬಳಸಿ, ಅದೂ ಬೆಂಕಿ ಹಿಡಿಯೋದೇ, ಕಿಟಕಿ ತೆಗೆದಿರಲಿ, ದೇವರ ದೀಪ ಹತ್ತಿರ ಇರಬಾರದು. ಐಸೊಪ್ರೊಪೈಲ್ ಆಲ್ಕೋಹಾಲ್ ಸುಲಭವಾಗಿ ಸಿಗುತ್ತೆ ಅಂತ ಎಲ್ಲವನ್ನೂ ಅದರಲ್ಲಿ ನೆನೆಹಾಕಬೇಡಿ. ಪ್ಯಾಲೆಟ್ ಫೋರ್ಕಿನ (ಚಕ್ರಗಳನ್ನು ತಡೆದು ತಡೆದು ಬಿಡೋ ಸಣ್ಣ ಕವೆಯ) ಕಲ್ಲುಗಳನ್ನು ಅರಗಿನಿಂದ ಅಂಟಿಸಿರುತ್ತಾರೆ, ಆಲ್ಕೋಹಾಲಿಗೆ ಅರಗು ಕರಗುತ್ತೆ. ನನ್ನದೊಂದು ಕಲ್ಲು ಹಾಗೇ ಬಟ್ಟಲಿನ ತಳಕ್ಕೆ ಹೋಯಿತು.

ನಮ್ಮ ಕಡೆ ಇನ್ನೊಂದು ಕಾಟ ಬೆವರು. ಬೆರಳಲ್ಲಿ ಮುಟ್ಟಿದ ಉಕ್ಕಿನ ಪಾರ್ಟಿನ ಮೇಲೆ ಮಳೆಗಾಲದಲ್ಲಿ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಬರುತ್ತೆ, ತಮಾಷೆಯಲ್ಲ. ಬೆರಳಿಗೆ ಹಾಕೋ ರಬ್ಬರ್ ಟೊಪ್ಪಿ ಅಗ್ಗ, ತಗೊಳ್ಳಿ. ಬಿಚ್ಚಿಟ್ಟ ಡಬ್ಬಿಯೊಳಗೆ ಶೂ ಪೆಟ್ಟಿಗೆಯಲ್ಲಿ ಬರೋ ಸಿಲಿಕಾ ಪೊಟ್ಟಣ ಹಾಕಿ. ಹಾಸನಕ್ಕೆ ಇಷ್ಟು ಬೇಕಿಲ್ಲವೇನೋ.

ಇನ್ನೊಂದು, ಕಳೆದ ಸ್ಪ್ರಿಂಗ್ ಹುಡುಕೋಕೆ ಮ್ಯಾಗ್ನೆಟ್ ಓಡಿಸಿದರೆ ಅದನ್ನು ಡಿಮ್ಯಾಗ್ನೆಟೈಸ್ ಮಾಡದೆ ವಾಪಸ್ ಹಾಕಬೇಡಿ. ನೀಲಿ ಡಬ್ಬಿಯ ಅಗ್ಗದ ಯಂತ್ರ ಸಾಕು. ಗುಂಡಿ ಒತ್ತಿ ಹಿಡಿದೇ ಪಾರ್ಟನ್ನು ನಿಧಾನ ಒಂದು ತೋಳು ದೂರ ಎಳೆಯಿರಿ, ಆಮೇಲೆ ಗುಂಡಿ ಬಿಡಿ. ಹತ್ತಿರ ಇರುವಾಗಲೇ ಬಿಟ್ಟರೆ ಇನ್ನೂ ಜಾಸ್ತಿ ಮ್ಯಾಗ್ನೆಟ್ ಹಿಡಿಯುತ್ತೆ.

ತುಮಕೂರಿನಿಂದ:

ನಮ್ಮಮ್ಮ ಇಲ್ಲಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಅಸೆಂಬ್ಲಿಯಲ್ಲಿದ್ದರು. ನಿಮ್ಮ ಪ್ರಶ್ನೆ ಓದಿ ಹೇಳಿದೆ. ಅವರು ಹೇಳಿದ್ದು: "ಎರಡು ನಿಮಿಷ ಓಡಿ ನಿಲ್ಲುತ್ತೆ ಅಂದ್ರೆ ಮುರಿದಿಲ್ಲ ಕಣೆ, ಎಣ್ಣೆ ಗೋಂದಾಗಿರಬೇಕು. ಅದರ ಮೇಲೆ ಹೊಸ ಎಣ್ಣೆ ಬಿಡಬೇಡ ಅಂತ ಹೇಳು." ಹೊಲಿಗೆ ಮೆಷಿನ್ ಎಣ್ಣೆ ಅಂತೂ ಬೇಡ ಅಂದರು, ಅದು ಹರಡಿಬಿಡುತ್ತೆ. ಬೇಗ ತಿರುಗೋ ಚಕ್ರಗಳಿಗೆ ಮೋಬಿಯಸ್ 9010 ಥರದ ತೆಳು ವಾಚ್ ಎಣ್ಣೆ, ಬ್ಯಾರೆಲ್ (ಮೇನ್ ಸ್ಪ್ರಿಂಗ್ ಕೂರೋ ಡಬ್ಬಿ) ಕಡೆ ನಿಧಾನದ ಚಕ್ರಗಳಿಗೆ ಮಂದ ಎಣ್ಣೆ. ಪಿವಟ್ ಕೂರೋ ಕಲ್ಲಿನ ಬಟ್ಟಲಿನಂಥ ಗುಳಿ ಅರ್ಧ ತುಂಬಿದರೆ ಸಾಕು. ಪ್ಯಾಲೆಟ್ ಫೋರ್ಕಿನ ಪಿವಟ್‌ಗೆ ಎಣ್ಣೆಯೇ ಇಲ್ಲ, ಒಣದಾಗೇ ಬಿಡಬೇಕು.

ಬಿಚ್ಚೋ ಮೊದಲು ಮೇನ್ ಸ್ಪ್ರಿಂಗಿನ ಕೀ ಇಳಿಸಲೇಬೇಕು ಅಣ್ಣ, ಇದನ್ನು ಅಮ್ಮ ಮೂರು ಸಲ ಹೇಳಿದರು. ಕೀ ಕೊಡೋ ತಿರುಪನ್ನು ಬೆರಳಲ್ಲಿ ಹಿಡ್ಕೊಂಡು, ಕ್ಲಿಕ್ಕನ್ನು (ಸ್ಪ್ರಿಂಗ್ ಹಿಂದಕ್ಕೆ ಬಿಚ್ಚಿಕೊಳ್ಳದ ಹಾಗೆ ತಡೆಯೋ ಕೊಂಡಿಯನ್ನು) ಕಡ್ಡಿಯಿಂದ ಸರಿಸಿ, ತಿರುಪು ಬೆರಳುಗಳ ನಡುವೆ ನಿಧಾನ ಜಾರೋ ಹಾಗೆ ಬಿಡೋದು. ಇಳಿಸದೆ ಪ್ಯಾಲೆಟ್ ತೆಗೆದರೆ ಚಕ್ರಗಳೆಲ್ಲ ಗಿರ್ ಅಂತ ತಿರುಗಿ ಪಿವಟ್ ಮುರಿಯಬಹುದು.

ನನ್ನ ಕಡೆಯಿಂದ ಒಂದು: ಕ್ರೌನ್ ವೀಲಿನ (ಕೀ ಕೊಡುವಾಗ ತಿರುಗೋ ಒಂದು ಚಕ್ರದ) ಸ್ಕ್ರೂ ಹಲವು ಮೆಷಿನ್‌ಗಳಲ್ಲಿ ಉಲ್ಟಾ ಥ್ರೆಡ್ಡಿನದು. ಬಿಚ್ಚೋಕೆ ಬರಲಿಲ್ಲ ಅಂತ ಜೋರು ಮಾಡಬೇಡಿ, ಇನ್ನೊಂದು ಕಡೆ ತಿರುಗಿಸಿ ನೋಡಿ. ನಾನು ಜೋರು ಮಾಡಿ ತಲೆ ಮುರಿದವಳು.

ಹಾಸನದಿಂದ:

ಎಲ್ಲರಿಗೂ ಥ್ಯಾಂಕ್ಸ್. ಮೇಜು ಅಳೆದೆ, 74 ಇದೆ. ಭಾನುವಾರ ಬಡಗಿ ಬರ್ತಾರೆ. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ ಮೇಡಂ.

ಮೈಸೂರಿನಿಂದ:

ಬಡಗಿ ಹೇಗೂ ಬರ್ತಿದಾರಲ್ಲ, ಮೇಜಿನ ಹಿಂದೆ ಮತ್ತು ಎರಡು ಪಕ್ಕಕ್ಕೆ ಅರ್ಧ ಇಂಚು ಎದ್ದಿರೋ ಹಾಗೆ ರೀಪರ್ ಪಟ್ಟಿ ಹೊಡೆಸಿಬಿಡಿ. ಉರುಳಿದ ಸ್ಕ್ರೂ ಅಲ್ಲೇ ತಡೆಯುತ್ತೆ. ಮುಂದೆ ಬೇಡ, ಮೊಣಕೈಗೆ ಒತ್ತುತ್ತೆ, ಅಲ್ಲಿ ಪಂಚೆ ಇದೆಯಲ್ಲ.