ಬ್ಯಾಕಪ್‌ಗೆ ‘ಎತ್ತಿಡು’ ಸಾಕಾ?

ನಮಸ್ಕಾರ. ಚಿತ್ರ ಬರೆಯುವ ಗೆಳೆಯರಿಗಾಗಿ ಎರಡು ಪುಟದ ಕೈಪಿಡಿ ಮಾಡುತ್ತಿದ್ದೇನೆ. ಕಂಪ್ಯೂಟರಿನಲ್ಲಿ ಮಾಡಿದ ಕೆಲಸವನ್ನು ದುಡ್ಡು ಖರ್ಚಿಲ್ಲದ ತಂತ್ರಾಂಶಗಳಿಂದಲೇ ಕಾಪಾಡಿಕೊಳ್ಳುವುದು ಹೇಗೆ ಅಂತ. ಮೊದಲ ಸಾಲಿನಲ್ಲೇ ಸಿಕ್ಕಿಬಿದ್ದೆ. ಬ್ಯಾಕಪ್‌ಗೆ ಕನ್ನಡದಲ್ಲಿ ಏನು ಬರೆಯೋಣ?

ಮೊದಲು ‘ಎತ್ತಿಡು’ ಅಂತ ಬರೆದಿದ್ದೆ. ಬಿತ್ತನೆ ಬೀಜ ಎತ್ತಿಡುತ್ತೇವಲ್ಲ, ಹಾಗೆ. ಎಡವಟ್ಟಾಯಿತು. ಕರಡು ಓದಿದ ತಂಗಿ ಕ್ರಿಟಾ ಅನ್ನುವ ಚಿತ್ರದ ತಂತ್ರಾಂಶದಲ್ಲಿ ಬರೆದ ಚಿತ್ರಗಳನ್ನೆಲ್ಲ ಪೆನ್‌ಡ್ರೈವ್‌ಗೆ ‘ಎತ್ತಿಟ್ಟಳು’. ಅಂದರೆ ಕಟ್, ಪೇಸ್ಟ್. ವಾರದೊಳಗೆ ಪೆನ್‌ಡ್ರೈವ್ ಕೈಕೊಟ್ಟಿತು. ಪುಣ್ಯಕ್ಕೆ, ಸೇವ್ ಮಾಡಿದಾಗ ಕ್ರಿಟಾ ಹಿಂದಿನ ಫೈಲನ್ನು ಹೆಸರಿನ ಕೊನೆಗೆ ~ ಹಾಕಿ ಪಕ್ಕದಲ್ಲೇ ಇಡುತ್ತದೆ. ಅವು ಲ್ಯಾಪ್‌ಟಾಪಿನಲ್ಲೇ ಉಳಿದಿದ್ದವು, ಒಂದಷ್ಟು ಚಿತ್ರ ಸಿಕ್ಕಿತು. “ನೀನೇ ಎತ್ತಿಡು ಅಂದಿದ್ದೆಯಲ್ಲಣ್ಣ” ಅಂತಾಳೆ. ತಪ್ಪು ಅವಳದಲ್ಲ. ಒಡವೆ ಎತ್ತಿಟ್ಟ ಮೇಲೆ ಮೊದಲಿದ್ದ ಜಾಗದಲ್ಲಿ ಇರುವುದಿಲ್ಲ, ಅಲ್ವಾ?

‘ನಕಲು’ ಅಂದರೆ ಪರೀಕ್ಷೆಯ ಕಾಪಿಚೀಟಿ ನೆನಪಾಗುತ್ತದೆ. ‘ಮೀಸಲು ಪ್ರತಿ’ಗೆ ಕಚೇರಿ ಕಡತದ ವಾಸನೆ. ಸದ್ಯ ‘ಪ್ರತಿ ತೆಗೆದಿಡು’ ಕಡೆಗೆ ವಾಲಿದ್ದೇನೆ. ಪ್ರತಿ ಅಂದ ಕೂಡಲೇ ಮೂಲ ಇನ್ನೆಲ್ಲೋ ಇದೆ ಅಂತಾಗುತ್ತದೆ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ 1000 ಪ್ರತಿ ಮಾಡಿಸಿ ಹಂಚಿದಳು ಅಂತ ನಾವು ಇವತ್ತಿಗೂ ಹೇಳುವುದು ಇದೇ ಮಾತಿನಲ್ಲಿ. ಆದರೆ ಇಲ್ಲೂ ಒಂದು ತೊಡಕು. ಬ್ಯಾಕಪ್‌ನವರ 3-2-1 ಲೆಕ್ಕ ಗೊತ್ತಲ್ಲ: 3 ಪ್ರತಿ, 2 ಬಗೆಯ ಸಾಧನ, 1 ಮನೆಯಿಂದಾಚೆ. ಆ ಮೂರರಲ್ಲಿ ಮೂಲವೂ ಒಂದು! ಕನ್ನಡದಲ್ಲಿ ‘3 ಪ್ರತಿ’ ಅಂದರೆ ಮೂಲ ಬಿಟ್ಟು ಮೂರು ಅಂದುಕೊಳ್ಳುತ್ತಾರೆ. ‘ಮೂಲವೂ ಸೇರಿ’ ಅಂತ ಬಿಡಿಸಿಯೇ ಬರೆಯಬೇಕಾಯಿತು.

‘ಸಿಂಕ್’, ಅಂದರೆ ಎರಡು ಸಾಧನಗಳಲ್ಲಿನ ಫೈಲುಗಳನ್ನು ಸದಾ ಒಂದೇ ಥರ ಇಡುವುದು, ಇನ್ನೂ ತಲೆನೋವು. ಆ ಕೆಲಸ ಮಾಡುವ ಸಿಂಕ್‌ಥಿಂಗ್ ತಂತ್ರಾಂಶ ಹಾಕಿಕೊಂಡು ಬ್ಯಾಕಪ್ ಆಯಿತು ಅಂತ ನೆಮ್ಮದಿಯಾಗಿ ಮಲಗುವವರಿದ್ದಾರೆ. ಲ್ಯಾಪ್‌ಟಾಪಿನಲ್ಲಿ ಅಳಿಸಿದ್ದು ಫೋನಿನಲ್ಲೂ ಅಳಿಸಿಹೋಗುತ್ತದೆ. ಹಳೆಯದು ಉಳಿಯಬೇಕಾದರೆ ಆ ಆಯ್ಕೆಯನ್ನು ನಾವೇ ಆನ್ ಮಾಡಬೇಕು. ರೆಸ್ಟಿಕ್, ಬೋರ್ಗ್ ಅನ್ನುವ ಬ್ಯಾಕಪ್ ತಂತ್ರಾಂಶಗಳು ಹಾಗಲ್ಲ. ಮೊನ್ನೆ ಓಡಿಸಿದಾಗ ಫೈಲ್ ಹೇಗಿತ್ತೋ ಅದನ್ನೂ ಇಟ್ಟುಕೊಂಡಿರುತ್ತವೆ. ಈ ವ್ಯತ್ಯಾಸ ಪದದಲ್ಲೇ ಕಾಣಬೇಕು ಅಂತ ನನ್ನಾಸೆ. ‘ಹೊಂದಾಣಿಕೆ’ ಅಂದರೆ ಗಂಡಹೆಂಡಿರ ರಾಜಿ ಆಗಿಬಿಡುತ್ತದೆ. ‘ಕನ್ನಡಿ’ ಆಗಬಹುದಾ? ಇಲ್ಲಿ ಇಲ್ಲದ್ದು ಅಲ್ಲೂ ಕಾಣದು.

ಡಿಟಿಪಿ ಅಂಗಡಿ, ಫೋಟೋ ಸ್ಟುಡಿಯೋಗಳಲ್ಲಿ ಇರುವವರು ಕೆಲಸದ ನಡುವೆ ಏನಂತೀರಿ? ಸುಮ್ನೆ ‘ಬ್ಯಾಕಪ್’ ಅಂತಲೇ ಬಿಡಿ ಅನ್ನುವವರೂ ಬರೆಯಿರಿ. ತಂಗಿಯ ಮತ ಅದಕ್ಕೇ.